ಪ್ಯಾಕಿಂಗ್

ಸಂಜೆ ಆರೂ ಹತ್ತಕ್ಕೆ ಕರೆಂಟು ಹೋಯಿತು.
ಲಗ್ಗೆರೆಯಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ,
ಟ್ರಾನ್ಸ್‌ಫಾರ್ಮರ್ ಢಂ ಅಂದದ್ದು ಸುದ್ದಿ.
ಬೆಸ್ಕಾಂನವನು ಫೋನಲ್ಲಿ 'ನಾಳೆ ಮೇಡಂ' ಅಂದ.
ಧಾರೆಯೂ ನಾಳೆಯೇ.
ಏಳು ರವಿಕೆ, ಒಂದಕ್ಕೆ ತೋಳಿಲ್ಲ, ಇನ್ನೊಂದಕ್ಕೆ ಹುಕ್ಕಿಲ್ಲ,
ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿವೆ.

ಜನರೇಟರನ್ನು ಬಾಗಿಲಾಚೆ ಎಳೆದೆ,
ಮೋರಿಯ ಚಪ್ಪಡಿ ಮೇಲೆ, ಹೊಗೆ ರಸ್ತೆಗೆ ಹೋಗುವ ಹಾಗೆ.
ಗೋಬಿ ಗಾಡಿಯವನಿಂದ ಕೊಂಡದ್ದು, ಒಂಬತ್ತು ಸಾವಿರಕ್ಕೆ;
ಹಿಡಿಕೆಯಲ್ಲಿ ಇನ್ನೂ ಅವನ ಬಾಣಲೆಯ ಜಿಡ್ಡು.
ಕಾಕ್ ತಿರುಗಿಸಿದೆ, ಚೋಕ್ ಎಳೆದೆ, ಹಗ್ಗ ಜಗ್ಗಿದೆ.
ಜಗ್ಗಿದೆ.
ಇಪ್ಪತ್ತೆರಡನೇ ಸಲಕ್ಕೆ ಒಮ್ಮೆ ಕೆಮ್ಮಿ
ತಪ್ಪು ನನ್ನದೇ ಎಂಬಂತೆ ಸುಮ್ಮನಾಯಿತು.

ದಸ್ತಗೀರಣ್ಣ ಊರಲ್ಲಿಲ್ಲ. ಮುಳಬಾಗಿಲಿಗೆ, ಉರುಸಿಗೆ.
ಫೋನಿನ ಹಿಂದೆ ಖವ್ವಾಲಿ, ಅದರ ಮೇಲೆ ಅವನ ದನಿ:
'ಪೆಟ್ರೋಲ್ ಯಾವಾಗಿನದು ಅಕ್ಕ?'
ಗೌರಿ ಹಬ್ಬದ್ದು, ಅಂದೆ.
'ಈಗ ಯಾವ ಹಬ್ಬ?'
ಮುಚ್ಚಳ ತೆಗೆದರೆ ಹಳೇ ವಾರ್ನಿಷ್ ವಾಸನೆ.
ಬಾಟಲಿಗೆ ಬಸಿದೆ. ಹೊಸದು,
ಮೇಲಿನ ಮನೆಯ ತಬಿತಾಳ ಸ್ಕೂಟಿಯಿಂದ
ಒಂದು ಲೀಟರ್ ಸಾಲ.

'ಪ್ಲಗ್ ಬಿಚ್ಚಿ.' ಬಿಚ್ಚಿದೆ.
ಕಾಡಿಗೆ ಕರಡಿಗೆಯ ತಳ. ಉಪ್ಪುಕಾಗದದಲ್ಲಿ ಉಜ್ಜಿದೆ.
'ಸಂದು ಮಿಲಿಮೀಟರಿನ ಮುಕ್ಕಾಲಿರಬೇಕು. ಅಳೆಯೋಕೆ ಏನಿದೆ?'
ಇದೆ. ಹನ್ನೊಂದನೇ ನಂಬರಿನ ಸೂಜಿ.
ತೂರಿಸಿದೆ, ರೇಷ್ಮೆಯಲ್ಲಿ ಹೋಗುವಂತೆ ಹೋಯಿತು.
ಅವನು ಅಲ್ಲಿ ಒಂದು ಕ್ಷಣ ಮಾತಾಡಲಿಲ್ಲ.

ಕಾರ್ಬುರೇಟರಿನ ಬಟ್ಟಲಲ್ಲಿ ಹಸಿರು ಅಂಟು.
ಜೆಟ್ಟಿಗೆ ಮಾತ್ರ ಸೂಜಿ ಹಾಕಬೇಡಿ, ತೂತು ದೊಡ್ಡದಾಗತ್ತೆ, ಅಂದ;
ವೈರಿನಿಂದ ಒಂದು ತಾಮ್ರದ ಎಳೆ ಕಿತ್ತೆ.
ಟಾರ್ಚಿಗೆ ಹಿಡಿದು ಕಣ್ಣಿಟ್ಟರೆ
ಆಚೆಗೆ ಬೆಳಕು, ಎಳ್ಳಿನಷ್ಟೂ ಅಲ್ಲ.

ಈ ಸಲ ಮೂರನೇ ಜಗ್ಗಿಗೆ ಹತ್ತಿಕೊಂಡಿತು.
ಹತ್ತಿಕೊಂಡಿತು, ಅಷ್ಟೆ.
ಏರುತ್ತದೆ, ಸೊರಗುತ್ತದೆ, ಮತ್ತೆ ಏರುತ್ತದೆ,
ಯಾರೋ ಮೆಟ್ಟಿಲು ಹತ್ತುತ್ತ
ಏನೋ ಮರೆತದ್ದು ನೆನಪಾಗಿ ಇಳಿಯುವ ಹಾಗೆ.
ಟ್ಯೂಬ್‌ಲೈಟು ಎವೆ ಬಡಿಯುತ್ತದೆ.
'ಫೋನ್ ಹತ್ರ ಹಿಡೀರಿ, ಅದೇ ಮಾತಾಡಲಿ.'
ಹಿಡಿದೆ. ಖವ್ವಾಲಿ ನಿಂತಿತ್ತೋ, ಅವನೇ ದೂರ ನಡೆದಿದ್ದನೋ.
'ಚೋಕ್ ಅರ್ಧ ಎಳೀರಿ.' ಎಳೆದೆ, ಸಮವಾಯಿತು.
'ಬಿಡಿ.' ಬಿಟ್ಟೆ, ಏದುಸಿರು.
'ಕಳ್ಳಗಾಳಿ ಎಳೀತಿದೆ ಅಕ್ಕ. ಕಾರ್ಬುರೇಟರ್ ಹಿಂದೆ ಪ್ಯಾಕಿಂಗ್ ಹರಿದಿದೆ.
ಈ ಹೊತ್ತಲ್ಲಿ ಯಾವ ಅಂಗಡಿ? ದಪ್ಪ ಕಾಗದ ಇದ್ರೆ...'

ಇಂಜಿನ್ನಿನ ಮೈ ಆರುವ ತನಕ
ಟಾರ್ಚು ಬಾಯಲ್ಲಿ ಕಚ್ಚಿ ಎರಡು ತೋಳಿಗೆ ಕೈಹೊಲಿಗೆ ಹಾಕಿದೆ.
ದಪ್ಪ ಕಾಗದ.
ರವಿಕೆಯ ಚೀಲದಲ್ಲೇ ಇತ್ತು, ಇವರದೇ ಮದುವೆ ಪತ್ರಿಕೆ,
ಅರಿಶಿನ ಹಚ್ಚಿದ ಮೂಲೆ.
ಹರಿದ ಪ್ಯಾಕಿಂಗನ್ನು ಅದರ ಮೇಲಿಟ್ಟು ಪೆನ್ಸಿಲ್ ಎಳೆದೆ,
ಇಲ್ಲದ ಕಡೆ ಅಂದಾಜಿಗೆ, ಕಂಕುಳ ಸುತ್ತು ಗೀಚುವ ಹಾಗೆ.
ಇಪ್ಪತ್ತಾರು ವರ್ಷದಿಂದ ಕತ್ತರಿ ಹಿಡಿದವಳಿಗೆ
ಇದೂ ಒಂದು ಕುತ್ತಿಗೆ, ಎರಡು ಕಾಜಾ.
ಕೂರಿಸುವಾಗ ಕಂಡಿತು:
'ಸುಖಾಗಮನ ಬಯಸುವ' ಎಂಬಷ್ಟು ಅಂಚಿನಲ್ಲಿ ಉಳಿದಿದೆ,
ಬಯಸಿದವರ ಹೆಸರು ಕತ್ತರಿಗೆ ಹೋಗಿದೆ.

ಬೋಲ್ಟು ಬಿಗಿದೆ. ಹಗ್ಗ. ಒಂದೇ ಸಲ.
ದನಿ ತುಸು ಒರಟೇ, ಆದರೆ ಒಂದೇ ದನಿ.
ಟ್ಯೂಬ್‌ಲೈಟು ಕಣ್ಣು ಬಿಟ್ಟು ನಿಂತಿತು.
ಎಷ್ಟು ಕೊಡಲಿ ಅಣ್ಣ, ಅಂದೆ.
'ಆ ಪ್ಯಾಕಿಂಗ್ ಒಂದು ಡಜನ್ ಕತ್ತರಿಸಿಡಿ, ಬಂದು ತಗೋತೀನಿ,
ಯಾವ ಮದುವೆದಾದ್ರೂ ಸರಿ.
ಇಸ್ತ್ರಿಪೆಟ್ಟಿಗೆ ಮಾತ್ರ ಹಾಕಬೇಡಿ, ಪಾಪ ತಡೆಯಲ್ಲ.'

ಐದಕ್ಕೆ ಹುಡುಗಿಯ ತಮ್ಮ ಬಂದ, ಸ್ನಾನ ಮಾಡಿದ ಕೂದಲು,
ರವಿಕೆಗಳನ್ನು ಒಂದೊಂದಾಗಿ ಎಣಿಸಿಕೊಂಡ.
ಮೋರಿಯ ಮೇಲೆ ಅದಿನ್ನೂ ಬಡಿಯುತ್ತಲೇ ಇತ್ತು.
'ಪತ್ರಿಕೆ ಸಿಕ್ತಲ್ಲ ಆಂಟಿ?'
ಸಿಕ್ತಪ್ಪ, ಕೆಲಸ ಮಾಡ್ತಿದೆ, ಅಂದೆ.
ಅವನಿಗೆ ಕೇಳಿಸಲಿಲ್ಲ.
'ಇಸ್ತ್ರಿ ಆಗಿಲ್ವಾ?' ಅಂದ.