ಷರಾ

ಧಕ್ಕೆಯ ಐಸ್ ಪ್ಲಾಂಟಿನ ಮಹಡಿಯಲ್ಲಿ ಕೂತು
ಹಳೆಯ ಟೇಬಲ್ಲಿನ ಸಾಲುಗಳನ್ನು
ಹೊಸ ಜಾವಾದೊಳಗೆ ಇಳಿಸುತ್ತಿದ್ದೇನೆ.
ಕೆಳಗೆ ಕ್ರಷರಿಗೆ ಗಡ್ಡೆ ಬಿದ್ದಾಗಲೆಲ್ಲ
ಮೇಜು ನಡುಗುತ್ತದೆ.

ದೋಣಿಯ ಹೆಸರು ಹೆಸರಿಗೆ,
ನಂಬರು ನಂಬರಿಗೆ.
ಎಷ್ಟು ಬ್ಲಾಕು, ಎಷ್ಟು ಬಾಕಿ, ಎಲ್ಲ ಹೊಂದಿತು.
ಕೊನೆಯ ಕಲಂ ಷರಾ.
ಹೊಸ ಆಬ್ಜೆಕ್ಟಿನಲ್ಲಿ ಅದಕ್ಕೆ ಜಾಗವಿಲ್ಲ.
ಪರದೆ ಕೆಂಪಗಾಗಿ ಹಟ ಹಿಡಿಯಿತು:
ಇದನ್ನು ಎಲ್ಲಿಡಲಿ?

ಬಿಟ್ಟುಬಿಡು, ಎಂದು ಬರೆದೆ. ಒಂದೇ ಸಾಲು.
ಸುಮ್ಮನಾಯಿತು.

ಬೂತಾಯಿ ಹುರಿಯುವ ವಾಸನೆ ಮೇಲೇರುವ ಹೊತ್ತಿಗೆ
ಸುಮ್ಮನೆ ಆ ಕಲಂ ತೆರೆದು ನೋಡಿದೆ.
ಬೊನಿಫಾಸ್ ಲೋಬೊ, ಇಪ್ಪತ್ತಾರು ವರ್ಷದ ಗುಮಾಸ್ತ,
ಎರಡೇ ಬೆರಳಲ್ಲಿ ಕುಟ್ಟಿದ್ದು:

ಎಂಜಿನ್ ಕೆಟ್ಟು ಗಂಗೊಳ್ಳಿಯಲ್ಲಿ ಉಂಟು. ಬಾಕಿ ಕೇಳಬೇಡಿ.
ಇವನ ಹೆಂಡತಿ ಬಂದರೆ ಲೆಕ್ಕ ತೋರಿಸಿ, ತಮ್ಮ ಬಂದರೆ ಬೇಡ.
ಆಗಸ್ಟ್ ಎಂಟು. ದೋಣಿ ಬಂತು. ಶೀನ ಬರಲಿಲ್ಲ.

ಅದೇ ದೋಣಿಗೆ, ತಿಂಗಳು ಕಳೆದು:
ಎರಡು ಬ್ಲಾಕ್. ದುಡ್ಡು ನನ್ನದು.

ಆದರೂ ತಪ್ಪೇನು ಅಂದುಕೊಂಡೆ.
ಓದುವಾಗ ಬಿಟ್ಟರೆ ಓದಲಿಲ್ಲ, ಅಷ್ಟೇ.
ಬಲೆಗೆ ಬೀಳದ ಮೀನು ಕಡಲಲ್ಲಿ ಇದ್ದೇ ಇರುತ್ತದಲ್ಲ.

ಮೂರು ಗಂಟೆಗೆ ವಾಪಸು ಬರೆಯಿಸಿದೆ,
ಪುಣ್ಯಕ್ಕೆ ನಕಲಿನ ಮೇಲೆ.
ಹೆಸರು ಹೆಸರಿಗೆ, ನಂಬರು ನಂಬರಿಗೆ,
ಷರಾ ಇದ್ದಲ್ಲೆಲ್ಲ ನಲ್.
ನನಗೆ ಗೊತ್ತಿಲ್ಲದ್ದನ್ನೆಲ್ಲ
ಇಲ್ಲ ಎಂದು ಬರೆದು ಬಂದಿತ್ತು ಯಂತ್ರ,
ನನ್ನದೇ ಲಾಗಿನ್ನಿನಲ್ಲಿ.
ನಾಲ್ಕು ಸಾವಿರದ ಇನ್ನೂರು ಸಾಲು.
ಒಂದೂ ಎರರಿಲ್ಲ.

ಲೋಬೊ ಈಗ ಬಜಾಲಿನಲ್ಲಿದ್ದಾರೆ, ಕಿವಿ ತುಸು ದೂರ.
ಫೋನಿನಲ್ಲಿ ಮೂರು ಸಲ ಕೂಗಿದ ಮೇಲೆ
'ಓ, ಷರಾವಾ!
ಅದು ಆಫೀಸಿಗೆ ಬರೆದದ್ದಲ್ಲ ಮಾರಾಯ್ತಿ,
ನನ್ನ ನಂತರ ಆ ಕುರ್ಚಿಗೆ ಬರುವವರಿಗೆ.
ನೀನು ಎಲ್ಲಿ ಕೂತದ್ದು ಈಗ?'

ಬಗ್ಗಿ ನೋಡಿದೆ.
ಕುರ್ಚಿಯ ಒಂದು ಕಾಲಿಗೆ ಬಲೆಯ ಹಗ್ಗ ಸುತ್ತಿದೆ,
ಗಂಟು ಇನ್ನೂ ಬಿಗಿ.

ಇನ್ನೊಂದು ಸಾಲು ಸೇರಿಸಿದೆ:
ಗೊತ್ತಿಲ್ಲದ್ದನ್ನು ಓದಬೇಡ, ಸರಿ.
ಮುಟ್ಟಲೂ ಬೇಡ.
ಹೊಸ ನಕಲು ತೆಗೆದು ಮತ್ತೆ ಓಡಿಸಿದೆ.
ಬಾರದ ಶೀನ ಅಲ್ಲೇ ಇದ್ದಾನೆ.

ಎರಡು ಬ್ಲಾಕ್! ಕೆಳಗಿನಿಂದ ಯಾರೋ ಕೂಗಿದರು.
ಗುಮಾಸ್ತನ ಕುರ್ಚಿಯಲ್ಲವೇ, ನಾನೇ ಬರೆದುಕೊಂಡೆ.
ಹೆಸರು, ನಂಬರು, ಎರಡು.
ಬಾಕಿಯ ಕಲಮಿನ ಹತ್ತಿರ
ಕರ್ಸರ್ ಮಿನುಗುತ್ತಿದೆ.