ಒಂದೇ ಎಳಿ

ಸುಟ್ಟ ಮೋಟರಿನ ಹೊಟ್ಟಿ ಸೀಳಿ ತಾಮ್ರ ತಗದೆ.
ಅದು ಸುಟ್ಟ ವಾರ ಮೂರೂ ಮಗ್ಗ ನಿಂತಿದ್ದವು,
ಪಗಾರ ಇರಲಿಲ್ಲ;
ಆ ಸಿಟ್ಟೂ ಒಂದೀಟು ತಂತಿಯೊಳಗ ಇದ್ದೀತು.
ಕೂದಲದಷ್ಟು ತೆಳು ಎಳಿ. ಏಳು ಕೂಡಿಸಿ
ಕಂಡಿಕಿ ರಾಟಿಗೆ ಹಚ್ಚಿ ಹುರಿ ಮಾಡಿದೆ.
ಅವ್ವ ಅಂದಳು: ಈ ನೂಲಿಗೆ ಯಾವ ಬಣ್ಣ ಹಾಕತಿ?
ಹಾಸು ಇದೊಂದೇ ಆದರ ಹೊಕ್ಕು ಎಲ್ಲಿಂದ ಬರತದ?
ಆಕಾಶದಾಗಿಂದ ಅನ್ನಬೇಕಿತ್ತು.
ನಕ್ಕಾಳಂತ ಸುಮ್ಮನಾದೆ.

ಲೆಕ್ಕ ಭಾಳಿಲ್ಲ:
ನೂರಾ ನಲವತ್ಮೂರನ್ನ ಏಳೂ ಚಿಲ್ಲರದಿಂದ ಭಾಗಿಸು,
ಬಂದದ್ದರ ಅರ್ಧ ಈ ಕಡಿ, ಅರ್ಧ ಆ ಕಡಿ,
ಮ್ಯಾಲೊಂದು ಗೇಣು ಹೆಚ್ಚಿಗಿಡು.
ಕತ್ತರಿಸೂದು ಕೈಯಾಗಿನ ಮಾತು, ಕೂಡಿಸೂದಲ್ಲ.
ನೇಕಾರಗ ಇದನ್ನ ಯಾರೂ ಕಲಿಸಬೇಕಿಲ್ಲ.
ಮುರದ ಲಾಳಿಗೆ ಮೇಣ ಕುಡಿಸಿ
ನಡುವ ಕಟ್ಟಿದೆ, ಎಡಕ್ಕೊಂದು ಬಲಕ್ಕೊಂದು ತೂತು.

ಒಂದು ತುದಿ ನಮ್ಮ ನೀರಿನ ಟಾಕಿಗೆ,
ಇನ್ನೊಂದು ಬೋಳ ದಾಟಿ
ನೀಲಗಂಗವ್ವನ ಮಾಳಿಗಿ ಮ್ಯಾಲಿನ ಗಳಕ್ಕ.
ನಾಕು ಬಟ್ಟು ಕಡದೆ, ಮೀಟರಿನ ಮುಳ್ಳು ಇಳೀತು.
ಸೋಮವಾರ ಅದೇ ಮುಳ್ಳು ಹುಚ್ಚೆದ್ದು ಕುಣೀತು.
ಬೆಸುಗಿ ಬಿಚ್ಚಿ ಮತ್ತ ಹಾಕಿದೆ, ಕೇಬಲ್ ತಿರುವಿದೆ,
ಯಾರ್ಯಾರನ್ನೋ ಬೈದೆ.
ಮ್ಯಾಲೇರಿ ನೋಡಿದರ
ಆಕಿಯ ಒಂಬತ್ತು ವಾರಿ ಸೀರಿ, ಹಸೀದು, ತಂತಿ ಮ್ಯಾಲ.
"ಹಗ್ಗ ಅಲ್ಲೇನ ಇದು?"
ಅಲ್ಲ ಅನ್ನೂದು ಹ್ಯಾಂಗ?
ಎರಡೂ ಕಡಿ ಗಂಟಿತ್ತು. ಬಿಸಿಲಿತ್ತು.

ಮಗ್ಗ ನಡದಷ್ಟು ಹೊತ್ತು ರೇಡಿಯೋದಾಗ ಬರೇ ಗರಗರ,
ಓಣಿಯ ಎಲ್ಲಾ ಮೋಟರೂ ಒಮ್ಮೆಲೆ ಕೆಮ್ಮಿದಂಗ.
ನಿನ್ನೆ ರಾತ್ರಿ ಕರೆಂಟ್ ಹೋತು.
ಕೆಳಗ ಅಣ್ಣ ತಲಿ ಮ್ಯಾಲ ಕೈ ಹೊತ್ತು ಕೂತ,
ಎರಡು ಚಾದರ ಅರ್ಧಕ್ಕ ನಿಂತಿದ್ದವು.
ನಾನು ಬ್ಯಾಟರಿ ಹಚ್ಚಿದೆ,
ಖುಷಿ ಪಡಬೇಕೋ ಬ್ಯಾಡೋ ತಿಳೀಲಿಲ್ಲ.

ಗರಗರ ಹಿಂಗಿತು, ಕೊಡದ ತಳಕ್ಕ ಗಸಿ ಕೂತಂಗ.
ತಿಳಿನೀರಿನ್ಯಾಗ ಒಂದು ದನಿ,
ಸಮುದ್ರದ ಕಡ್ಯಾವರು, ಊರಿನ ಹೆಸರು ಅರ್ಧಾ ಕೇಳಿಸಿತು.
ನಿಮ್ಮ ಅಂಟೆನಾ ಯಾವುದು ಅಂದರು.
ಸೊಲ್ಲಾಪುರದಿಂದ, ಅಂದೆ,
ಸುಟ್ಟ ಮೋಟರು, ಮುರದ ಲಾಳಿ, ನೀಲಗಂಗವ್ವನ ಗಳ.

ಆಚಿ ಮಾಳಿಗಿಯಿಂದ, ಕತ್ತಲದಾಗ:
"ನನ್ನ ಹೆಸರು ಯಾಕ ತಗದಿ? ಯಾರ ಮುಂದ ಹೇಳಿದಿ?"
ಬಾಯಿ ತಗಿಯೂದ್ರಾಗ
ಕರೆಂಟ್ ಬಂತು.
ಮೂರೂ ಮಗ್ಗ, ಒಮ್ಮೆಲೆ.