ಮೂರನೆಯ ಚುಕ್ಕಿ

ಗೇರಕಾಯಿ ಚುಚ್ಚಿ, ಸೂಜಿಮೊನೆಗೆ ಸೊನೆ ಹತ್ತಿಸಿ
ಕಾಲರಿನ ಒಳಮೈಗೆ ಇಡುತ್ತೇನೆ ಗುರುತು,
ಮೇಲೊಂದು ಬೊಟ್ಟು ಸುಣ್ಣ.
ಇನ್ನು ಬಟ್ಟೆ ಹರಿದೀತು, ಗುರುತು ಹೋಗದು.
ನಮ್ಮತ್ತೆ ಕಲಿಸಿದ್ದು. ಶಿಡ್ಲಘಟ್ಟದ ಈ ಬೀದಿಗಳಲ್ಲಿ ಈಗ
ಹೀಗೆ ಇಡುವವಳು ನಾನೊಬ್ಬಳೇ.
ಮಿಕ್ಕವರದ್ದು ಪೆನ್ನು, ಚೀಟಿ, ಪಿನ್ನು.

ಚಲಪತಿಯ ಮನೆಗೆ ಒಂದು ಗೀಟು, ಕೆಳಗೊಂದು ಸೊನ್ನೆ.
ನೂಲು ಬಿಚ್ಚುವ ಮನೆ. ಎಷ್ಟು ಕುಕ್ಕಿದರೂ ಅವರ ಬಟ್ಟೆಗೆ
ಬೆಂದ ಹುಳದ ವಾಸನೆ.
ಎದುರು ಮನೆ ಗಜೇಂದ್ರನಿಗೆ ಮೂರು ಚುಕ್ಕಿ.

ಯಾಕೆ ಎಂಬುದಕ್ಕೆ ಊರು ಹನ್ನೊಂದು ಕತೆ ಕಟ್ಟಿತು.
ಗೂಡಿನ ದುಡ್ಡು ಅಂದರು, ಕೋಮಲ ನಕ್ಕಳಂತೆ ಅಂದರು,
ನಲ್ಲಿಯ ಹತ್ತಿರ ಯಾವುದೋ ಮಾತು ಅಂದರು.
ನನಗೆ ಗೊತ್ತಿರುವುದು ಬಟ್ಟೆ.

ಆ ಮಂಗಳವಾರ ಹುಡುಗಿಯ ನೀಲಿ ಲಂಗ ಕೊಡಲು ಹೋದೆ,
ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ.
ಬಾಗಿಲು ಒರಗಿಸಿತ್ತು.
ಒಲೆಯ ಮೇಲೆ ನೀರು ಬತ್ತಿ ಗೂಡು ಸೀಯುತ್ತಿತ್ತು.
ಚಲಪತಿ. ಕೋಮಲ. ಮುದುಕಿ ಅಕ್ಕಯ್ಯಮ್ಮ.
ಹುಡುಗಿಯನ್ನು ನಾನು ನೋಡಲಿಲ್ಲ, ಓಡಿಬಂದೆ.
ನೋಡಿದವರು ಹೇಳಿದರು.
ಹೇಳಬೇಡಿ ಎಂದೆ. ಹೇಳಿದರು.

ಒಂಬತ್ತನೆಯ ದಿನ ಪೊಲೀಸರು ತಂದರು
ಅಮಾನಿಕೆರೆಯ ಜಾಲಿಪೊದೆಯಲ್ಲಿ ಸಿಕ್ಕ ಅಂಗಿ,
ಅರೆ ಸುಟ್ಟದ್ದು, ಪ್ಲಾಸ್ಟಿಕ್ ಚೀಲದಲ್ಲಿ.
"ಪಿಳ್ಳಮ್ಮ, ಇದು ಯಾರ್ದು?"
ಕಾಲರು ಮಗುಚುವ ಮೊದಲೇ ಬೆರಳಿಗೆ ಗೊತ್ತಾಗಿತ್ತು.
ಎಲೆ ಅಡಿಕೆ ಉಗಿದು ಬಂದೆ.
ಬಾಯಿ ತೊಳೆದು ಬಂದೆ.
ಮತ್ತೆ ನೋಡಿದೆ.
ಚುಕ್ಕಿಗಳು ಅಲ್ಲೇ ಇದ್ದವು.

ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಕರೀ ಕೋಟು ಕೇಳಿತು:
"ಓದು ಬರುತ್ತೇನಮ್ಮ?"
"ಇಲ್ಲ ಸ್ವಾಮಿ, ಇದು ಬರುತ್ತೆ."
"ಮೂರು ಚುಕ್ಕಿ ಯಾರು ಬೇಕಾದರೂ ಇಡಬಹುದಲ್ಲ?"
"ಇಡಬಹುದು. ಆದರೆ ಇಸ್ತ್ರಿಯಲ್ಲಿ ಹೆಬ್ಬೆಟ್ಟು ಸುಟ್ಟಮೇಲೆ
ನನ್ನ ಮೂರನೇದು ಒಂದಿಷ್ಟು ಜಾರುತ್ತೆ. ನೋಡಿ."
ನೋಡಿದರು. ಕನ್ನಡಕ ತೆಗೆದು, ಹಾಕಿ, ನೋಡಿದರು.
ಕಟಕಟೆಯಲ್ಲಿ ಗಜೇಂದ್ರ,
ಯಾರೋ ಒಗೆದ ಅಂಗಿಯಲ್ಲಿ.
ಕಾಲರು ಒಂದು ಕಡೆ ಎದ್ದಿತ್ತು.
ನನ್ನ ಕೈ, ಥೂ, ಇಷ್ಟು ದೂರದಿಂದಲೇ
ಅದನ್ನು ತಟ್ಟಿ ಕೂರಿಸಲು ಹೋಯಿತು.

ಶಿಕ್ಷೆಯಾಯಿತು. ಊರು ಪಟಾಕಿ ಹೊಡೆಯಿತು.
ಗೀಟು ಸೊನ್ನೆಯನ್ನು ಇನ್ನು ಯಾರಿಗೂ ಇಡುವುದಿಲ್ಲ.
ನೀಲಿ ಲಂಗ ನನ್ನ ಹಲಗೆಯ ಮೇಲೇ ಇದೆ.
ಪೊಲೀಸರು ಕೇಳಲಿಲ್ಲ,
ಅದು ಯಾವ ಪಟ್ಟಿಯಲ್ಲೂ ಇಲ್ಲ.
ಮಡಿಕೆ ಹಳದಿಯಾಗದಂತೆ
ತಿಂಗಳಿಗೊಮ್ಮೆ ಬಿಚ್ಚಿ ಮಡಿಸುತ್ತೇನೆ.

ನಿನ್ನೆ ದೀಪ ಹಚ್ಚುವ ಹೊತ್ತಿಗೆ ಬಂದಳು ಲಚ್ಚಮ್ಮ,
ಗಜೇಂದ್ರನ ತಾಯಿ.
ಎರಡು ವರ್ಷವಾಯಿತು ಅವಳು ಈ ಹೊಸಿಲು ತುಳಿದು.
ಒಂದು ದುಪ್ಪಟಿ, ಎರಡು ಹಳೆ ಸೀರೆ,
ಒಂದು ಹೊಸದು, ಇನ್ನೂ ಗಂಜಿ ಬಿಡದ್ದು.
ಕೂತುಕೋ ಎನ್ನಲಿಲ್ಲ ನಾನು. ಅವಳೇ ಕೂತಳು.
"ಗುರುತು ಬೇರೆ ಹಾಕಲಾ?"
ಹೊಸ ಸೀರೆಯ ಅಂಚನ್ನು ಹುಡುಕಿ ನನ್ನ ಕೈಗಿಟ್ಟಳು.
"ಮನೆ ಅದೇ ಅಲ್ಲವಾ, ಪಿಳ್ಳಮ್ಮ."

ಒಂದು ಇಟ್ಟೆ. ಎರಡು ಇಟ್ಟೆ.
ಮೂರನೆಯದಕ್ಕೆ ಸೊನೆ ಸಾಲಲಿಲ್ಲ.
ಎದ್ದು ಹೋಗಿ
ಇನ್ನೊಂದು ಕಾಯಿ ತಂದು ಚುಚ್ಚಿದೆ.